ಬೂಟಿನೊಳಗಿನ ಬಿಸ್ಕತ್ತು, ಅವ್ವನ ಕಷಾಯದ ಪುಡಿ

ಒಲೆಯ ಮುಂದೆ

ಮೊದಲು ತಪ್ಪೊಪ್ಪಿಗೆ ಮುಗಿಸಿಬಿಡುತ್ತೇನೆ. ಹಾಲೆಂಡಿನಲ್ಲಿ ಒಬ್ಬ ಸಂತನ ಬಿಳಿ ಕುದುರೆಗೆಂದು ಇಟ್ಟಿದ್ದ ಕ್ಯಾರೆಟ್ಟನ್ನು ನಾನು ಒಂದು ಹಸುವಿಗೆ ತಿನ್ನಿಸಿದೆ. ಅಷ್ಟಕ್ಕೇ ನಿಂತಿದ್ದರೆ ಕ್ಷಮೆ ಸಿಗುತ್ತಿತ್ತೋ ಏನೋ. ಕ್ಯಾರೆಟ್ಟನ್ನು ಇಟ್ಟಿದ್ದ ಪುಟ್ಟ ಬೂಟುಗಳನ್ನೂ ಎತ್ತಿಕೊಂಡು ಹೋಗಿ, ನಲ್ಲಿ ಕೆಳಗೆ ಉಜ್ಜಿ ತೊಳೆದು, ಕೊಟ್ಟಿಗೆ ಬಾಗಿಲಲ್ಲಿ ನೀಟಾಗಿ ಜೋಡಿಸಿ ಬಂದೆ. ಆ ರಾತ್ರಿ ಚಾವಣಿ ಮೇಲಿಂದ ಇಳಿದು ಬಂದು ಬೂಟಿನೊಳಗೆ ಬಿಸ್ಕತ್ತು ಹಾಕಿ ಹೋಗಬೇಕಿದ್ದ ಸಂತನಿಗೆ ಬೂಟೇ ಸಿಗಲಿಲ್ಲ. ಬೆಳಿಗ್ಗೆ ಏಳು ವರ್ಷದ ಹುಡುಗಿ ಬರಿಗಾಲಲ್ಲಿ ಓಡಿ ಬಂದು ಒಲೆಯ ಮುಂದೆ ನಿಂತಳು. ಅಲ್ಲಿ ಬರೀ ನೆಲ ಇತ್ತು.

ನನ್ನ ಪರವಾಗಿ ಒಂದೇ ಮಾತು. ನಮ್ಮೂರಲ್ಲಿ ಹುಟ್ಟಿದ ಯಾವನಾದರೂ ಅದನ್ನೇ ಮಾಡುತ್ತಿದ್ದ. ನಮ್ಮ ಮನೆಯಲ್ಲಿ ಚಪ್ಪಲಿ ಹೊಸಲು ದಾಟಿದರೆ ಅವ್ವ ಪೊರಕೆ ಹುಡುಕುತ್ತಾಳೆ. ಒಲೆ ಸಾರಿಸಿ, ಮೇಲೆ ಒಂದೆಳೆ ರಂಗೋಲಿ ಬಿಟ್ಟು, ಆಮೇಲೆ ಬೆಂಕಿ ಹೊತ್ತಿಸುವ ಮನೆ ಅದು. ಅಲ್ಲಿಂದ ಹೋದವನ ಕಣ್ಣಿಗೆ ಒಲೆಯ ಎದುರಿಗೇ ಒಂದು ಜೊತೆ ಬೂಟು, ಅದರ ಬಾಯಲ್ಲಿ ತಿನ್ನುವ ಪದಾರ್ಥ ಕಂಡರೆ ಏನನ್ನಿಸಬೇಕು? ಪಾಪ, ಮಗು ಮರೆತು ಬಿಟ್ಟಿದೆ ಅನ್ನಿಸಿತು. ಉಂಡ ಮನೆಗೆ ಒಂದು ಉಪಕಾರ ಮಾಡೋಣ ಅನ್ನಿಸಿತು. ನಾನು ಹಾಳು ಮಾಡಿದ ಕೆಲಸಗಳೆಲ್ಲ ಉಪಕಾರ ಮಾಡಲು ಹೋಗಿ ಮಾಡಿದವೇ.

ಹೊರಡುವ ಮುಂಚೆ, ನಮ್ಮ ಬಾಗಿಲಲ್ಲಿ

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಣಸೂರಿನಿಂದ ಪಿರಿಯಾಪಟ್ಟಣದ ದಿಕ್ಕಿಗೆ ಹೋದರೆ ನಮ್ಮೂರು. ಹೊಗೆಸೊಪ್ಪು, ರಾಗಿ, ಜೊತೆಗೆ ಎರಡು ಎಚ್ಚೆಫ್ ಸೀಮೆಹಸು. ಯುವ ರೈತರನ್ನು ಹಾಲೆಂಡಿಗೆ ಕಳಿಸಿ, ಅಲ್ಲಿನ ಹೈನುಗಾರರ ಮನೆಯಲ್ಲಿ ಒಂದಷ್ಟು ದಿನ ಇರಿಸುವ ಯೋಜನೆಯೊಂದು ಡೈರಿಯವರ ಮೂಲಕ ಬಂತು. ಆರಿಸಿದ್ದು ನನ್ನನ್ನು. ಕಾರಣ, ನನಗೆ ಇಂಗ್ಲಿಷ್ ಬರುತ್ತದೆಂದು ಊರೆಲ್ಲ ನಂಬಿತ್ತು. ಪರೀಕ್ಷೆ ಮಾಡಿ ನೋಡುವಷ್ಟು ಇಂಗ್ಲಿಷ್ ಊರಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಆದರೆ ನನಗೆ ವಿಮಾನದ ಭಯ. ಜಾತ್ರೆಯ ತೊಟ್ಟಿಲು ಗಾಲಿಯಲ್ಲೇ ಕಣ್ಣು ಮುಚ್ಚಿಕೊಳ್ಳುವವನು ನಾನು. ಹೊಟ್ಟೆನೋವು, ಹಲ್ಲುನೋವು, ಹೊಗೆಸೊಪ್ಪು ಬೇಯಿಸುವ ಕೆಲಸ ಬಾಕಿ ಇದೆ ಎಂದೆಲ್ಲ ನೆವ ಹೇಳಿ ಕುಂತಿದ್ದೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಬಾಗಿಲಿಗೆ ಕೋಲೆಬಸವ ಬಂತು. ಬೆನ್ನ ಮೇಲೆ ಬಣ್ಣದ ದುಪ್ಪಟಿ, ಕೊಂಬಿಗೆ ಗೊಂಡೆ, ಕೊರಳಲ್ಲಿ ಗೆಜ್ಜೆ. ಪಕ್ಕದಲ್ಲಿ ಅದನ್ನು ಆಡಿಸುವ ಬಸವನವನು, ಓಲಗ ಊದಿಕೊಂಡು. ಅವ್ವ ಮೊರದಲ್ಲಿ ರಾಗಿ ತಂದು ಬಸವನ ಮುಂದೆ ನಿಂತಳು.

"ಬಸವಣ್ಣ, ನನ್ ಮಗ ಫಾರಿನ್‌ಗೋದ್ರೆ ಸುಕವಾಗ್ ತಿರ್ಗಿ ಬತ್ತಾನಾ? ನಿಜ ಯೋಳಪ್ಪ."

ಬಸವ ನನ್ನನ್ನೇ ನೋಡಿತು. ಆಮೇಲೆ ಗೆಜ್ಜೆ ಝಲ್ ಅನ್ನುವ ಹಾಗೆ ತಲೆ ಆಡಿಸಿತು. ಒಂದು ಸಲವಲ್ಲ, ಮತ್ತೆ ಮತ್ತೆ.

"ನೋಡ್ಲಾ, ಬಸವನೇ ಊಂ ಅಂತು. ಇನ್ನೇನ್ಲಾ ನಿಂದು?" ಅಂದಳು ಅವ್ವ.

ಇನ್ನೇನೂ ಇರಲಿಲ್ಲ. ಅವತ್ತೇ ಪೆಟ್ಟಿಗೆ ಕಟ್ಟಿದೆ. ಶೀತದ ದೇಶ ಅಂತ ಅವ್ವ ಒಂದು ಡಬ್ಬಿ ಕಷಾಯದ ಪುಡಿ ಕುಟ್ಟಿ ಕೊಟ್ಟಳು. ಒಣಶುಂಠಿ, ಮೆಣಸು, ಧನಿಯ, ಲವಂಗ, ಏಲಕ್ಕಿ. ವಿಮಾನ ನೆಲ ಬಿಟ್ಟಾಗ ಪಕ್ಕದ ಸೀಟಿನವರು ಕೈ ಮುಗಿದು ಯಾವ್ಯಾವುದೋ ದೇವರನ್ನು ನೆನೆದರು. ನಾನು ಬಸವನ ತಲೆಯಾಟವನ್ನು ನೆನೆದು ಆರಾಮಾಗಿ ಕುಂತೆ. ಆರಾಮಾಗಿ ಅಂದರೆ, ಪಕ್ಕದವರ ತೋಳನ್ನು ಹಿಡಿದುಕೊಂಡು.

ಹಸುವಿನ ತವರುಮನೆ

ನಮ್ಮ ಎಚ್ಚೆಫ್ ಹಸುಗಳ ತವರು ಅದೇ ಸೀಮೆ. ಕಪ್ಪು ಬಿಳಿ ಮಚ್ಚೆಯ ಅದೇ ಮೋರೆ, ಅದೇ ಕಳ್ಳನೋಟ. ಊರಿನ ನೆಂಟರನ್ನು ಕಂಡ ಹಾಗಾಯಿತು. ನೆಲ ಮಾತ್ರ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಒಂದು ದಿಬ್ಬವಿಲ್ಲ, ಬಂಡೆಯಿಲ್ಲ. ಮರೆಯಲ್ಲಿ ಕೂರಬೇಕಾದವನು ಎಲ್ಲಿಗೆ ಹೋಗಬೇಕು ಅನ್ನುವುದೇ ನನಗೆ ಹೊಳೆದ ಮೊದಲ ಪ್ರಶ್ನೆ.

ಚಳಿಯ ಬಗ್ಗೆ ಹೇಳುವುದಾದರೆ, ನಮ್ಮ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಕಾವನ್ನು ನೆನೆಸಿಕೊಂಡು ನಾನು ಅತ್ತಿದ್ದೇನೆ. ಕಣ್ಣೀರು ಕೆನ್ನೆ ತಲುಪುವ ಮೊದಲೇ ಗಟ್ಟಿಯಾಗುತ್ತಿತ್ತು ಎಂದು ಊರಲ್ಲಿ ಹೇಳಿಕೊಂಡು ತಿರುಗಿದ್ದು ಸ್ವಲ್ಪ ಜಾಸ್ತಿಯಾಯಿತು.

ಮನೆ ಯಜಮಾನನ ಹೆಸರು ಹೆಂಕ್. ನಮ್ಮ ನಾಲಿಗೆಗೆ ಹಕಾರ ಒಗ್ಗಿದ್ದು ಯಾವಾಗ? ಮೊದಲ ದಿನವೇ ಅವನು ಎಂಕಣ್ಣ ಆದ. ಅವನು ಆಡಿದ್ದು ಇಂಗ್ಲಿಷಾದರೂ ಕಿವಿಗೆ ಬಿದ್ದಿದ್ದೆಲ್ಲ ನಮ್ಮೂರ ರೈತನ ಮಾತೇ. ಹಾಲಿನ ರೇಟು ಸರಿಯಿಲ್ಲ, ಮೇವು ತುಟ್ಟಿ, ಹುಡುಗರಿಗೆ ಕೊಟ್ಟಿಗೆ ಬೇಡ. ಆದ್ದರಿಂದ ಅವನ ಮಾತನ್ನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ಅವನ ಹೆಂಡತಿ ಆನಿ, ಮಗಳು ಲೀಸ. ಆನಿಯ ತಾಯಿಯೂ ಅದೇ ಮನೆಯಲ್ಲಿದ್ದರು. ಎಲ್ಲರೂ ಅವರನ್ನು ಓಮಾ ಅನ್ನುತ್ತಿದ್ದರು, ಅಂದರೆ ಅಜ್ಜಿ. ಅವರಿಗೆ ಮೊದಲ ದಿನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಏನೋ ಬಿದ್ದುಹೋಗಿದೆ, ಹುಡುಕುತ್ತಿದ್ದಾನೆ ಅಂದುಕೊಂಡು ಅವರೂ ಬಗ್ಗಿ ಹುಡುಕಿದರು.

ಹಡಗು ಬಂದ ದಿನ

ಅಲ್ಲಿ ಕ್ರಿಸ್‌ಮಸ್ಸಿಗಿಂತ ಮುಂಚೆಯೇ ಮಕ್ಕಳ ದೊಡ್ಡ ಹಬ್ಬವೊಂದಿದೆ. ಸಿಂಟರ್‌ಕ್ಲಾಸ್ ಅನ್ನುವ ಗಡ್ಡದ ಸಂತ, ಕೆಂಪು ನಿಲುವಂಗಿ ತೊಟ್ಟು, ಸ್ಪೇನ್ ದೇಶದಿಂದ ಹಡಗಿನಲ್ಲಿ ಬರುತ್ತಾನೆ. ಅವನ ಬಿಳಿ ಕುದುರೆ ಮನೆಗಳ ಚಾವಣಿ ಮೇಲೆ ನಡೆಯುತ್ತದೆ. ಮಕ್ಕಳು ಒಲೆಯ ಮುಂದೆ ಬೂಟಿಟ್ಟು, ಕುದುರೆಗೆ ಕ್ಯಾರೆಟ್ಟಿಟ್ಟು, ಹಾಡು ಹೇಳಿ ಮಲಗುತ್ತಾರೆ. ಬೆಳಿಗ್ಗೆ ಕ್ಯಾರೆಟ್ ಮಾಯ, ಬೂಟಿನಲ್ಲಿ ಮಸಾಲೆ ಬಿಸ್ಕತ್ತು. ಇದನ್ನೆಲ್ಲ ನನಗೆ ಮೊದಲೇ ಹೇಳಿದ್ದರು. ಅವರ ಇಂಗ್ಲಿಷ್ ವೇಗವಾಗಿತ್ತು, ನಾನು ಅರ್ಥವಾದವನ ಹಾಗೆ ತಲೆ ಆಡಿಸಿದ್ದೆ. ಕೋಲೆಬಸವನಿಂದ ಕಲಿತದ್ದು.

ಪಕ್ಕದ ಪೇಟೆಯ ಕಾಲುವೆಗೆ ಹಡಗು ಬರುವ ದಿನ ನನ್ನನ್ನೂ ಕರೆದುಕೊಂಡು ಹೋದರು. ಸಂತನ ಹಿಂದೆ ಅವನ ಆಳುಗಳು. ಬಿಳಿಯರೇ, ಆದರೆ ಮುಖಕ್ಕೆ ಕಪ್ಪು ಬಳಿದುಕೊಂಡು, ಗುಂಗುರು ಕೂದಲಿನ ಟೋಪನ್ ಹಾಕಿಕೊಂಡು, ಚೀಲದಿಂದ ಗೋಲಿಯಷ್ಟು ಪುಟ್ಟ ಬಿಸ್ಕತ್ತುಗಳನ್ನು ಹಂಚುತ್ತಿದ್ದರು. ನಾನೂ ಒಂದು ಬೊಗಸೆ ಇಸಿದುಕೊಂಡು ಬದಿಗೆ ನಿಂತೆ. ಯಾವುದೋ ಪುಟ್ಟ ಮಗು ನನ್ನ ಮುಖ ನೋಡಿ ಕೈ ಚಾಚಿತು. ಕೊಟ್ಟೆ. ಅದರ ಹಿಂದೆ ಇನ್ನೊಂದು. ನೋಡುನೋಡುತ್ತಿದ್ದ ಹಾಗೆ ನನ್ನ ಮುಂದೆ ನ್ಯಾಯಬೆಲೆ ಅಂಗಡಿಯ ಕ್ಯೂ. ಬಿಸ್ಕತ್ತು ಖಾಲಿಯಾದಾಗ ಜೇಬಿನಲ್ಲಿದ್ದ ಹುರಿಗಡಲೆಯನ್ನೂ ಹಂಚಿದೆ.

ಆನಿಯ ಮುಖ ಕೆಂಪಾಯಿತು. "ಬೇಜಾರಾಯ್ತಾ?" ಅಂತ ಮೆಲ್ಲಗೆ ಕೇಳಿದಳು.

"ಇಲ್ಲಕ್ಕ. ಇವರಿಗೆ ನನ್ನಿಂದ ಮಸಿ ಖರ್ಚು ಉಳೀತು" ಅಂದೆ.

ಅದು ಅರ್ಧ ನಿಜ. ಅವ್ವ ನನ್ನನ್ನು 'ಕರಿಯಾ' ಅಂತಲೇ ಕರೆಯುವುದು, ಊರವರೂ ಹಾಗೇ. ಅದರಲ್ಲಿ ಯಾವತ್ತೂ ಮುಳ್ಳು ಕಂಡಿರಲಿಲ್ಲ. ಆದರೆ ನನ್ನ ಬಣ್ಣವನ್ನು ಬೇರೆಯವರು ವೇಷವಾಗಿ ಹಾಕಿಕೊಂಡದ್ದನ್ನು ಅವತ್ತೇ ಮೊದಲು ನೋಡಿದ್ದು. ಎಂಕಣ್ಣ ಹೋಗಿ ಬಿಸಿ ಚಾಕಲೇಟು ತಂದು ನನ್ನ ಕೈಗಿಟ್ಟ, ಪಕ್ಕದಲ್ಲೇ ನಿಂತ. ಅದು ಮುಗಿಯುವವರೆಗೂ ನಿಂತಿದ್ದ.

ಅವತ್ತು ಸಂಜೆಯೇ ಲೀಸ ಬೂಟಿಟ್ಟಳು. ಆಮೇಲಿನದು ನಿಮಗೆ ಗೊತ್ತು.

ಕೊಟ್ಟಿಗೆಯಲ್ಲಿ ಆದ ಒಪ್ಪಂದ

ಬೂಟು ಕಾಣೆಯಾದ ಬೆಳಿಗ್ಗೆ ನಾನು ಕೂಡಲೇ ಒಪ್ಪಿಕೊಂಡೆ. ಎಂಕಣ್ಣ ನಕ್ಕೂ ನಕ್ಕೂ ಕುರ್ಚಿ ಹಿಡಿದುಕೊಂಡ. "ಲೇ, ಕುದ್ರೇದ್ ತಗೊಂಡೋಗಿ ಹಸೂಗ್ ಹಾಕ್ದೆಯೇನ್ಲಾ? ಯಾವ್ ಹಸೂಗೆ?" ಅಂದ. ನಾನು ತೋರಿಸಿದೆ. ಆನಿಯೂ ನಕ್ಕಳು. ಬೂಟನ್ನು ಗಂಡ ಎತ್ತಿಟ್ಟಿದ್ದಾನೆ ಅಂತ ಅವಳು, ಅವಳು ಎತ್ತಿಟ್ಟಿದ್ದಾಳೆ ಅಂತ ಅವನು, ಇಬ್ಬರೂ ಮಲಗಿಬಿಟ್ಟಿದ್ದರು. ಲೀಸ ಮಾತ್ರ ನಗಲಿಲ್ಲ.

ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಬಂದು ನನ್ನ ಎದುರು ಬಕೆಟ್ಟು ಬೋರಲು ಹಾಕಿ ಕುಂತಳು. ಶಾಲೆಯಲ್ಲಿ ಕಲಿತ ನಾಲ್ಕು ಮಾತು ಇಂಗ್ಲಿಷು, ಉಳಿದದ್ದು ಕೈಸನ್ನೆ. ನನ್ನ ಇಂಗ್ಲಿಷೂ ಅಷ್ಟೇ ಆದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

"ಸಂತನಿಗೆ ಎಲ್ಲ ಗೊತ್ತಿರುತ್ತೆ ಅಲ್ವಾ?" ಅಂದಳು.

"ಹೂಂ."

"ಹಂಗಾದ್ರೆ ಬೂಟು ಕೊಟ್ಟಿಗೇಲಿರೋದು ಅವನಿಗ್ಯಾಕೆ ಗೊತ್ತಾಗಲಿಲ್ಲ? ಗೊತ್ತಿಲ್ಲದೇ ಇದ್ದದ್ದು ಅಮ್ಮನಿಗೆ."

ನಾನು ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡೆ. ಪೊಲೀಸರು ಕೇಳಬೇಕಾದ ಪ್ರಶ್ನೆಯನ್ನು ಈ ಹುಡುಗಿ ಕೇಳುತ್ತಿದ್ದಾಳೆ.

ಅವಳ ದೊಡ್ಡಮ್ಮನ ಮಗ ಒಬ್ಬ ಶಾಲೆಯಲ್ಲಿ ಹೇಳಿದ್ದನಂತೆ: ಸಂತನೂ ಇಲ್ಲ ಕುದುರೆಯೂ ಇಲ್ಲ, ಬಿಸ್ಕತ್ತು ಓಮಾ ಮಾಡಿದ್ದು. ಅವಳು ನಂಬಿರಲಿಲ್ಲ, ಅವನ ಜೊತೆ ಜಗಳಾಡಿದ್ದಳು. ಈಗ ನಾನು ಬಂದು ಅವನ ಕಡೆ ಸಾಕ್ಷಿ ಹೇಳಿದ ಹಾಗಾಗಿತ್ತು. ಮುಂದಿನ ಶನಿವಾರ ಮತ್ತೆ ಬೂಟಿಡುತ್ತಾಳೆ. ಓಮಾ ಮಾಡಿದ ಬಿಸ್ಕತ್ತಿನ ರುಚಿ ಕಣ್ಣು ಮುಚ್ಚಿಕೊಂಡು ತಿಂದರೂ ಅವಳಿಗೆ ಗೊತ್ತು. ಅದೇ ರುಚಿಯಿದ್ದರೆ ಎಲ್ಲ ಸುಳ್ಳು.

"ಸುಳ್ಳಾದ್ರೆ?" ಅಂದೆ.

"ಆಮೇಲೆ ನಾನು ಹಾಡಲ್ಲ" ಅಂದಳು. "ಯಾರಿಗೂ ಹೇಳಬಾರದು. ಅಮ್ಮನಿಗೂ."

ಹೇಳುವುದಿಲ್ಲ ಅಂತ ಹಸುವಿನ ಬೆನ್ನು ಮುಟ್ಟಿ ಆಣೆ ಮಾಡಿದೆ. ಧೈರ್ಯ ತುಂಬಲು ನಮ್ಮ ಕೋಲೆಬಸವನ ಕಥೆಯನ್ನೂ ಹೇಳಿದೆ. ಬಸವ ತಾನಾಗೇ ತಲೆ ಆಡಿಸಿತು, ನಾನು ಸುಖವಾಗಿ ಬಂದು ಇಳಿದೆ, ಇಂಥವೆಲ್ಲ ಇರುತ್ತವೆ ಮಗು. ಅವಳು ಗಂಭೀರವಾಗಿ ಕೇಳಿಸಿಕೊಂಡು, ಬಸವನಿಗೆ ಹಾಲೆಂಡ್ ಎಲ್ಲಿದೆ ಅಂತ ಗೊತ್ತಿತ್ತಾ ಅಂದಳು. ಎಚ್ಚೆಫ್ ಹಸುಗಳ ಸಹವಾಸದಲ್ಲಿ ತಿಳಿದುಕೊಂಡಿರುತ್ತೆ ಅಂದೆ.

ಓಮಾ ಅವರ ಅಡುಗೆಮನೆ

ಶುಕ್ರವಾರ ಓಮಾ ಬಿಸ್ಕತ್ತು ಮಾಡಲು ನಿಂತರು. ನಾನು ಸಹಾಯಕ್ಕೆ ಬರುತ್ತೇನೆಂದು ಏಪ್ರನ್ ಕಟ್ಟಿಕೊಂಡೆ. ಆ ಮನೆಯಲ್ಲಿ ನಾನು 'ಸಹಾಯ' ಅಂದರೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ ಕಾಲ ಅದು.

ಸ್ಪೆಕ್ಯುಲಾಸ್ ಅನ್ನುವ ಬಿಸ್ಕತ್ತು. ಮೈದಾ, ಬೆಣ್ಣೆ, ಬೆಲ್ಲದ ಬಣ್ಣದ ಸಕ್ಕರೆ. ಓಮಾ ಮಸಾಲೆ ಡಬ್ಬಿ ತೆಗೆದಾಗ ನನಗೆ ಮೈ ಜುಮ್ಮೆಂದಿತು. ಚಕ್ಕೆ, ಲವಂಗ, ಜಾಕಾಯಿ, ಏಲಕ್ಕಿ, ಶುಂಠಿ. ಪಲಾವು ಮಾಡುವ ಮನೆಯ ಘಮ. ಇದೆಲ್ಲ ಹಿಂದೆ ನಿಮ್ಮ ಕಡೆಯಿಂದಲೇ ಹಡಗಿನಲ್ಲಿ ಬಂದಿದ್ದು ಅಂದರು ಓಮಾ. ಬಂದಾಗ ಸ್ವಲ್ಪ ಜಾಸ್ತಿ ಕೊಟ್ಟು ಕಳಿಸಿರಬೇಕು, ನಮ್ಮ ಸಾಂಬಾರಿಗೆ ಈಗ ಕಡಿಮೆ ಬೀಳುತ್ತಿದೆ ಅಂದೆ.

ಮರದ ಅಚ್ಚುಗಳನ್ನು ತೆಗೆದರು. ಗಾಳಿಯಂತ್ರ, ಹಡಗು, ಕುದುರೆ. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಅಣ್ಣತಮ್ಮಂದಿರು. ಅಕ್ಕಿಹಿಟ್ಟು ಉದುರಿಸಿ, ಕಣಕ ಒತ್ತಿ, ಮೇಜಿಗೆ ಕುಟ್ಟಿದರೆ ಕುದುರೆ ಹೊರಗೆ. ಓಮಾ ಕುಟ್ಟಿದರೆ ಕುದುರೆ ಬೀಳುತ್ತಿತ್ತು. ನಾನು ಕುಟ್ಟಿದರೆ ಕಾಲು ಒಂದು ಸಲ, ತಲೆ ಒಂದು ಸಲ.

ಜೇಬಿನಲ್ಲಿ ಅವ್ವನ ಕಷಾಯದ ಪುಡಿಯ ಡಬ್ಬಿ ಇತ್ತು. ನನ್ನ ಯೋಜನೆ ಸರಳ. ಓಮಾ ಆ ಕಡೆ ತಿರುಗಿದಾಗ ಕಣಕಕ್ಕೆ ಒಂದು ಚಿಟಿಕೆ. ರುಚಿ ಬದಲಾಗುತ್ತದೆ, ಹುಡುಗಿ ಗೆಲ್ಲುತ್ತಾಳೆ. ಓಮಾ ತಿರುಗಿದರು. ನಾನು ಮುಚ್ಚಳ ಎಳೆದೆ. ಅವ್ವ ಮುಚ್ಚಳ ಹಾಕಿದರೆ ತೆಗೆಯಲು ಬಾಗಿಲ ಸಂದಿಗೆ ಸಿಕ್ಕಿಸಬೇಕು, ಅದು ನೆನಪಿರಲಿಲ್ಲ. ಹಲ್ಲು ಕಚ್ಚಿ ಎಳೆದಾಗ ಮುಚ್ಚಳ ಹಾರಿ ಕಿಟಕಿಗೆ ಬಡಿಯಿತು, ಅರ್ಧ ಡಬ್ಬಿ ಕಣಕದ ಮೇಲೆ ಸುರಿಯಿತು. ನಾನು ಸೀನಿದೆ. ಓಮಾ ಸೀನಿದರು. ಹೊರಗೆ ಮಲಗಿದ್ದ ನಾಯಿ ಕೂಡ ಸೀನಿತು ಅಂತ ನನ್ನ ನೆನಪು.

ಓಮಾ ಕಣಕವನ್ನು ನೋಡಿದರು, ನನ್ನನ್ನು ನೋಡಿದರು. ಚೂರು ಮುರಿದು ನಾಲಿಗೆಗೆ ಇಟ್ಟುಕೊಂಡರು. ಕಣ್ಣಲ್ಲಿ ನೀರು ಬಂತು.

"ಲೀಸ ಏನಾದ್ರೂ ಹೇಳಿದ್ಲಾ?" ಅಂದರು.

"ಇಲ್ಲ" ಅಂದೆ. ನಾನು ಸುಳ್ಳು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತೇನೆ. ಆಗ ಎರಡೂ ಕಿವಿ ಮುಟ್ಟಿಕೊಂಡಿದ್ದೆ.

ಅವರು ತೋಳು ಏರಿಸಿ, ಆ ಪುಡಿಯನ್ನೆಲ್ಲ ಕಣಕಕ್ಕೆ ಸೇರಿಸಿ ನಾದತೊಡಗಿದರು.

ಶನಿವಾರದ ಬೂಟು, ಭಾನುವಾರದ ಬೆಳಿಗ್ಗೆ

ಲೀಸ ಬೂಟಿಟ್ಟಳು, ಕ್ಯಾರೆಟ್ಟಿಟ್ಟಳು, ಹಾಡಿದಳು. ಧ್ವನಿ ಮೊದಲಿನಷ್ಟು ಏರಲಿಲ್ಲ. ನನ್ನನ್ನು ಒಲೆಯ ಹತ್ತಿರ ಸುಳಿಯಬೇಡ ಅಂತ ಎಲ್ಲರೂ ಒಂದೊಂದು ಸಲ ಎಚ್ಚರಿಸಿದರು.

ಬೆಳಿಗ್ಗೆ ನೋಡಿದರೆ ಕ್ಯಾರೆಟ್ ಇರಲಿಲ್ಲ. ಬೂಟಿನಲ್ಲಿ ಕುದುರೆಯಾಕಾರದ ಬಿಸ್ಕತ್ತು. ಪಕ್ಕದಲ್ಲಿ ಇನ್ನೊಂದು ದೊಡ್ಡ ಬೂಟೂ ಇತ್ತು, ನಾನು ಕೊಟ್ಟಿಗೆಯಲ್ಲಿ ಹಾಕಿಕೊಳ್ಳುವ ರಬ್ಬರ್ ಬೂಟು. ಯಾರೋ ತೊಳೆದು ಒರೆಸಿ ಇಟ್ಟಿದ್ದರು. ಅದರೊಳಗೂ ಒಂದು ಕುದುರೆ.

ಲೀಸ ಕಣ್ಣು ಮುಚ್ಚಿ ಕಚ್ಚಿದಳು. ಅಗಿದಳು. ಅಗಿಯುವುದನ್ನು ನಿಲ್ಲಿಸಿದಳು. ಮುಖ ಟೊಮೇಟೊ ಆಯಿತು, ಮೂಗು ಸೋರಿತು, ಕೆಮ್ಮುತ್ತಾ ನೀರಿಗೆ ಓಡಿದಳು. ಲೋಟ ಖಾಲಿ ಮಾಡಿ ತಿರುಗಿ, "ಇದು ಓಮಾದಲ್ಲ" ಅಂದಳು.

"ನನ್ನದಾ? ನಾನು ಇಷ್ಟು ಕೆಟ್ಟದಾಗಿ ಯಾವತ್ತಾದ್ರೂ ಮಾಡಿದ್ದೀನಾ?" ಅಂದರು ಓಮಾ, ಬಹಳ ನೊಂದವರ ಹಾಗೆ.

"ಅಂಗಡೀದೂ ಅಲ್ಲ. ಇಂಥದ್ದು ಎಲ್ಲೂ ಇಲ್ಲ." ಲೀಸ ಮೂಗೊರೆಸಿಕೊಂಡು ನನ್ನ ಕಡೆ ನೋಡಿದಳು. "ನೀನೂ ತಿನ್ನು. ನಿನಗೂ ಕೊಟ್ಟಿದ್ದಾನೆ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಗಣಿ ತುಳಿಯುವ ಬೂಟಿನೊಳಗಿನ ತಿಂಡಿ. ನಾನು ತಿನ್ನದಿದ್ದರೆ ಆ ಹುಡುಗಿ ಮತ್ತೆ ಲೆಕ್ಕ ಹಾಕಲು ಶುರುಮಾಡುತ್ತಾಳೆ. ಮನಸ್ಸಿನಲ್ಲೇ ಅವ್ವನ ಕಾಲಿಗೆ ಬಿದ್ದು, ಕೈ ಬೂಟಿನೊಳಗೆ ಇಳಿಸಿದೆ.

ಕಚ್ಚಿದೆ. ಒಣಶುಂಠಿ, ಮೆಣಸು, ಹಿಂದಿನಿಂದ ಸಿಹಿ. ಜ್ವರ ಬಂದಾಗ ಅವ್ವ ಮೂಗು ಹಿಡಿದು ಬೆಲ್ಲದ ಜೊತೆ ಕುಡಿಸುವ ಕಷಾಯ ಅದು, ಗಟ್ಟಿಯಾಗಿ ನಾಲ್ಕು ಕಾಲು ಮೂಡಿಸಿಕೊಂಡು ಬಂದಿತ್ತು. ನನಗೂ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂತ ಎಲ್ಲರಿಗೂ ಹೇಳಿದೆ.

ಡಿಸೆಂಬರ್ ಐದರ ಸಂಜೆ ಹಬ್ಬದ ಕೊನೆ. ಯಾರೋ ಬಾಗಿಲು ದಬದಬ ಬಡಿದರು, ತೆಗೆದರೆ ಆಚೆ ಉಡುಗೊರೆಯ ಗೋಣಿಚೀಲ. ಒಂದೊಂದು ಉಡುಗೊರೆಗೂ ಸಂತ ಬರೆದ ಪದ್ಯವಿರುತ್ತದೆ, ವರ್ಷವಿಡೀ ಮಾಡಿದ ಪೆದ್ದುತನವನ್ನು ಎತ್ತಿ ಆಡುವ ಪದ್ಯ. ನಮ್ಮಲ್ಲಿ ಮದುವೆಯ ದಿನ ಬೀಗರನ್ನು ಹಂಗಿಸಿ ಹಾಡುತ್ತಾರಲ್ಲ, ಹಾಗೆ. ನನಗೆ ಬಂದದ್ದು ಕಾಗದ ಮೆತ್ತಿ ಮಾಡಿದ ಭಾರಿ ಕ್ಯಾರೆಟ್. ಸೀಳಿದರೆ ಒಳಗೆ ಉಲ್ಲನ್ ಕಾಲುಚೀಲ. ಎಂಕಣ್ಣ ಗಂಟಲು ಸರಿಮಾಡಿಕೊಂಡು ಪದ್ಯ ಓದಿ ಅರ್ಥ ಹೇಳಿದ. ನಮ್ಮ ಮಾತಿಗೆ ತಂದರೆ ಹೀಗೆ:

ದೂರದಿಂದ ಬಂದ ನೆಂಟ ಬಲು ಬುದ್ಧಿವಂತ,
ಕುದುರೆ ಊಟ ಹಸುವಿಗಿಟ್ಟ ಪುಣ್ಯ ಬರಲಿ ಅಂತ.
ಹಾಲು ಹೆಚ್ಚು ಕೊಟ್ಟಿತಂತೆ ಹಸು ಅಂದಿನಿಂದ,
ಕುದುರೆ ಮಾತ್ರ ಉಪವಾಸ ಇವನ ದೆಸೆಯಿಂದ.

"ನೋಡು" ಅಂದಳು ಲೀಸ ನನ್ನ ತೋಳು ಜಗ್ಗಿ. "ಅವನಿಗೆ ಎಲ್ಲ ಗೊತ್ತು." ಆಮೇಲೆ ಹಾಡಿದಳು. ಗಾಜಿನ ಲೋಟಗಳು ಅದುರುವ ಹಾಗೆ ಹಾಡಿದಳು.

ಮತ್ತೆ ನಮ್ಮ ಬಾಗಿಲಲ್ಲಿ

ಊರಿಗೆ ಬಂದಾಗ ಓಮಾ ಕೊಟ್ಟ ಬಿಸ್ಕತ್ತಿನ ಡಬ್ಬಿಯನ್ನು ಅವ್ವನ ಮುಂದಿಟ್ಟು ಕಥೆಯೆಲ್ಲ ಹೇಳಿದೆ. ಬೂಟಿನ ಭಾಗ ಬಂದಾಗ ಅವ್ವ ಎದ್ದು ನಿಂತಳು.

"ಎಕ್ಕಡದ್ ಒಳ್ಗಿಂದ್ ತಗ್ದ್ ತಿಂದ್ಯಾ? ತೂ, ಎದ್ದೋಗ್ ನೀರುಯ್ಕೊ ಮೊದ್ಲು."

"ತೊಳ್ದಿದ್ರು ಕಣವ್ವ."

"ತೊಳುದ್ರೆ ಎಕ್ಕಡ ತಟ್ಟೆ ಆದದಾ?"

ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅವಳು ಡಬ್ಬಿಯ ಮುಂದೆ ಕುಂತು ಒಂದು ಕುದುರೆಯ ತಲೆ ಮುರಿದು ಬಾಯಿಗೆ ಹಾಕಿಕೊಂಡಿದ್ದಳು. ಖಾರ ಸಾಲದು ಅಂದಳು. ಆಮೇಲೆ ಆ ಹುಡುಗಿಯ ಬಗ್ಗೆ ಕೇಳಿದಳು. ಓಮಾ ಯಾಕೆ ಸುಮ್ಮನಿದ್ದರು ಅಂತ ಕೇಳಿದಳು. ನಾನು ಎದೆಯುಬ್ಬಿಸಿ ಹೇಳಿದೆ: ಪಾಪ, ಮಗು ಅಲ್ವಾ ಅವ್ವ, ಏನು ಹೇಳಿದರೂ ನಂಬುತ್ತೆ, ನಾವು ದೊಡ್ಡವರು ಸ್ವಲ್ಪ ಸಾಗಿಸಬೇಕು.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಅಲ್ಲ ಕಣ್ಲಾ ಕರಿಯಾ, ಆ ಬಸವುಂಗೆ ಆಲೆಂಡು ಯಾವ್ ದಿಕ್ಕು ಅಂತ ಗೊತ್ತಿತ್ತು ಅನ್ಕಂಡಾ? ಅದ್ರ ಮುಂಚಿನ್ ದಿನ್ವೇ ಬಸವುನೋನ್ ಮನೆತಕೋಗಿ ಒಂದ್ ಮೊರ ರಾಗಿ ಕೊಟ್ಟು ಯೋಳ್ ಬಂದಿದ್ದೆ. ನನ್ ಮಗ ಎದ್ರುಕಂಡ್ ಕುಂತವ್ನೆ, ಒಸಿ ಜೋರಾಗೇ ಊಂ ಅನ್ಸಪ್ಪ ಅಂತ."

ಅವ್ವ ಡಬ್ಬಿ ಮುಚ್ಚಿದಳು, ಮುಂದೆ ಯಾರೂ ತೆಗೆಯಲಾಗದ ಹಾಗೆ ಒತ್ತಿ.

"ಆ ಮಗೀಗೆ ಮಾತ್ರ ಇದ್ನ ಬರ್ದ್‌ಗಿರ್ದ್ ಆಕ್ಬುಟ್ಟೀಯ. ಅದಾದ್ರೂ ಇನ್ನೊಸಿ ದಿನ ನಂಬ್ಕಂಡಿರ್ಲಿ ಬುಡು."